ಶ್ರದ್ಧಾಂಜಲಿ ಸಮಿತಿಯ ಪಂದಿಕರಿ

ಪಕ್ಕದ ಮನೆಯಲ್ಲಿ ಇವತ್ತು ಹಂದಿ ಬೇಯುತ್ತಿದೆ. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ವಾಸನೆ ಬೇಲಿ ದಾಟಿ, ಮೊಟ್ಟೆಯನ್ನೂ ಮುಟ್ಟದ ಲಿಂಗಾಯತನಾದ ನನ್ನ ಮೂಗನ್ನೇ ಹುಡುಕಿಕೊಂಡು ಬಂದಿದೆ. ನೀವು ನಗಬೇಡಿ. ಇದೇ ವಾಸನೆ ಎಬ್ಬಿಸಿದ ಸಮಿತಿಯೊಂದಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ.

ಆಗ ಕೊಡಗೇ ಒಂದು ರಾಜ್ಯ. ಮಂತ್ರಿಮಂಡಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಿತ್ತು. ನಾನು ಸುಂಟಿಕೊಪ್ಪದಲ್ಲಿ ಮೇಷ್ಟ್ರು. ಅಲ್ಲಿನ ಎಸ್ಟೇಟ್ ಆಸ್ಪತ್ರೆಯಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಒಬ್ಬ ಡಾಕ್ಟ್ರಮ್ಮ ಇದ್ದರು. ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲಿ. ಅವರ ಅಪ್ಪನನ್ನೂ ಅಣ್ಣನನ್ನೂ ಯೆಹೂದಿಗಳೆಂಬ ಒಂದೇ ಕಾರಣಕ್ಕೆ ಹಿಟ್ಲರನ ಕಡೆಯವರು ಹಿಡಿದೊಯ್ದು ಕೊಂದಿದ್ದರು. ಹೆಣ ಸಿಗಲಿಲ್ಲ, ಸತ್ತ ದಿನವೂ ಗೊತ್ತಿಲ್ಲ. ಇಷ್ಟನ್ನು ಒಮ್ಮೆ ಹೇಳಿದವರು ಮತ್ತೆ ಆ ಮಾತೇ ಎತ್ತಿರಲಿಲ್ಲ.

“ತಿಥಿ ಆಗದಿದ್ರೆ ಸತ್ತವ್ರು ಹಸ್ಕೊಂಡಿರ್ತಾರೆ ಮಾರಾಯ. ನಾವಾದ್ರೂ ಮಾಡುವ,” ಎಂದರು ಸುಬೇದಾರ್ ಮಾದಪ್ಪ. ಯುದ್ಧಕ್ಕೆ ಹೋಗಿ ಬಂದ ಕೊಡವರು ಅವರು. ಅವರು ಹೇಳಿದ ಮೇಲೆ ಸಮಿತಿ ಆಗದೆ ವಿಧಿಯಿರಲಿಲ್ಲ. ಡಾಕ್ಟ್ರಮ್ಮ, “ಬರ್ತೇನೆ. ಮಾತಾಡೂದಿಲ್ಲ,” ಎಂದರು.

ಹಾಗಾಗಿ ಜನರಿಗೆ ತಿಳಿವಳಿಕೆ ಕೊಡುವ ಭಾಷಣ ನನ್ನ ಕೊರಳಿಗೆ ಬಿತ್ತು. ಜರ್ಮನಿ ಎಲ್ಲಿದೆಯೆಂದು ನಾನೇ ಅಟ್ಲಾಸಿನಲ್ಲಿ ಹುಡುಕಬೇಕಾಯಿತು. ಸಮಿತಿ ಸೇರಿದಾಗಲೆಲ್ಲ ಚರ್ಚೆ ಮೈಕಿನದು, ಇಲ್ಲವೇ ಮಂತ್ರಿಗಳು ಬಂದರೆ ಯಾರು ಹಾರ ಹಾಕಬೇಕೆಂಬುದು. ಸತ್ತವರ ಸರದಿ ಬರುವಷ್ಟರಲ್ಲಿ ಎಲ್ಲರಿಗೂ ಮನೆಗೆ ಹೋಗುವ ಅವಸರ.

ಊಟದ ಹೊಣೆ ಸುಬೇದಾರರದು. ಕೊಡವರು ತೀರಿಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುತ್ತಾರೆ. ಹಂದಿ ಮಾಂಸದ ಪಂದಿಕರಿ ಇಲ್ಲದಿದ್ದರೆ ಅದು ಮರ್ಯಾದೆಯೇ ಅಲ್ಲ. ಕಾರ್ಯಕ್ರಮದ ದಿನ ಶಾಲೆಯ ಹಿಂದೆ ಹಂಡೆ ಕುದಿಯುತ್ತಿದ್ದಾಗ ಬಟ್ಟೆ ಅಂಗಡಿಯ ಮೊಯ್ದು ಕಾಕ ಓಡಿ ಬಂದರು.

“ಎಂತ ಮಾಡಿದ್ರಿ ಸುಬೇದಾರ್ರೇ? ನಮ್ಮ ಮುಸ್ಲಿಮರಂಗೇ ಯೆಹೂದಿಗಳಿಗೂ ಹಂದಿ ಆಗೂದಿಲ್ಲ!”

ಗುಂಡಿಗೆ ಹೆದರದ ಸುಬೇದಾರರ ಮುಖ ಬಿಳಿಚಿಕೊಂಡಿತು. ಹಂಡೆ ಅಡಗಿಸಬಹುದು, ವಾಸನೆಯನ್ನು ಎಲ್ಲಿ ಅಡಗಿಸುವುದು? ಅಷ್ಟರಲ್ಲಿ ಡಾಕ್ಟ್ರಮ್ಮ ಬಂದೇಬಿಟ್ಟರು. ಸುಬೇದಾರರು ಸೆಲ್ಯೂಟ್ ಹೊಡೆದು ತಪ್ಪೊಪ್ಪಿಕೊಂಡರು. ಆಕೆ ಬಗ್ಗಿ ಹಂಡೆಯೊಳಗೆ ನೋಡಿದರು.

“ನನ್ನ ಅಣ್ಣ ಇದ್ದಿದ್ರೆ ಫಸ್ಟ್ ಕೂತ್ಕೊಳ್ತಿದ್ದ. ಕದ್ದು ತಿಂತಿದ್ದ. ಅಪ್ಪ ಬೈತಿದ್ರು.” ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. “ಎರಡು ಎಲೆ ಹಾಕಿ. ಅಪ್ಪಂಗೆ ಇದು ಬೇಡ, ಅನ್ನ ಹಣ್ಣು ಸಾಕು. ದೂರ ದೂರ ಹಾಕಿ, ಇಲ್ಲಾಂದ್ರೆ ಜಗಳ.”

ಮಾತಾಡುವುದಿಲ್ಲ ಎಂದಿದ್ದವರು ಆ ಎರಡು ಎಲೆಗಳ ನಡುವೆ ಕೂತು ಮಾತಾಡಿದರು. ಅಣ್ಣನ ಸುಳ್ಳುಗಳು, ಅಪ್ಪನ ಕೋಪ, ಇಬ್ಬರೂ ತನ್ನನ್ನು ರೈಲು ಹತ್ತಿಸಿ ಕಳಿಸಿದ್ದು, ಆಮೇಲೆ ಕಾಗದ ನಿಂತೇಹೋದದ್ದು. ಊರಿಗೆ ಊರೇ ಕೇಳಿತು, ನಾನು ಅತ್ತೆ. ಮಂತ್ರಿಗಳು ಬರಲಿಲ್ಲ, ಮೈಕು ಕೆಟ್ಟಿತ್ತು, ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಯಾರಿಗೂ ನಷ್ಟವಾಗಲಿಲ್ಲ.

ಇವತ್ತು ನನ್ನವಳು ತೀರಿಕೊಂಡ ದಿನ. ಪ್ರತಿ ವರ್ಷವೂ ಫೋಟೋದ ಮುಂದೆ ಸಪ್ಪೆ ಕಾಫಿ ಇಡುತ್ತೇನೆ. ಅವಳಿಗೆ ಸಕ್ಕರೆ ಕಾಯಿಲೆ. ಬದುಕಿದ್ದಾಗ ಸಕ್ಕರೆ ಡಬ್ಬಿಗೆ ನಾನೇ ಕಾವಲು. ಇಷ್ಟು ಬರೆದವನು ಎದ್ದು ಹೋಗಿ ಆ ಲೋಟ ಚೆಲ್ಲಿದೆ. ಬೇರೆ ಕಾಫಿ ಮಾಡಿ, ಅವಳು ಕದ್ದು ಹಾಕಿಕೊಳ್ಳುತ್ತಿದ್ದ ಹಾಗೆ ಕೈತುಂಬ ಸಕ್ಕರೆ ಸುರಿದೆ.

“ಕುಡಿ ಮಾರಾಯ್ತಿ,” ಎಂದೆ. “ಇನ್ನು ಹೆದರಿಕೆ ಎಂತದು?”