ಕಂಬಳಿಯ ತೂತಿನಿಂದ ಬಂದ ಸೂರ್ಯ

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಕಡೆಯ ಮನೆಯೊಂದರಲ್ಲಿ ಒಲೆ ತಣ್ಣಗೆ ಕೂತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಮೊದಲ ತುತ್ತನ್ನು ಭೂಮಿಗೇ ಉಣಿಸಿ, ಆಮೇಲೆ ಬನ್ನಿಗಿಡದ ನೆರಳಲ್ಲಿ ಎಲ್ಲರೂ ಕೂತು ಉಣ್ಣುವ ದಿನ ಅದು. ಹೊತ್ತು ಹುಟ್ಟುವ ಮೊದಲೇ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡಬು, ಶೇಂಗಾ ಹೋಳಿಗೆಗಳ ಪರಿಮಳ ಓಣಿಯ ತುಂಬ ಅಡ್ಡಾಡಬೇಕು. ಆದರೆ ಕೆಲವು ವರ್ಷಗಳ ಹಿಂದೆ ಸರಿಯಾಗಿ ಅದೇ ಅಮಾವಾಸ್ಯೆಯ ಬೆಳಿಗ್ಗೆಯೇ ಸೂರ್ಯಗ್ರಹಣ ಬಂತು. ಯಾವಗಲ್ ಎಂಬ ಊರಿನ ನನ್ನ ಅಕ್ಕನ ಮನೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ, ಮೊಸರಿನ ಗಡಿಗೆಯ ಮೇಲೆ, ನೀರಿನ ಕೊಡದ ಮೇಲೆ ಗರಿಕೆಯ ಎಸಳುಗಳು ಬಿದ್ದವು, ಹಬ್ಬ ಮಧ್ಯಾಹ್ನಕ್ಕೆ ಹೋಯಿತು.

ನಾನು ನರಗುಂದದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನಂಥವರನ್ನು ಗ್ರಹಣದ ದಿನ ಮನೆಗೆ ಕರೆಯಲೇಬಾರದು. ಸುಮ್ಮನೆ ಕೂರುವ ಜಾತಿಯಲ್ಲ ನಮ್ಮದು. ಅಕ್ಕ ಕರೆದದ್ದು ಹಬ್ಬಕ್ಕೆ, ನಾನು ಹೋದದ್ದು ಎಂಟು ವರ್ಷದ ಅವಳ ಮೊಮ್ಮಗಳು ಸವಿತಾಳಿಗೆ ಗ್ರಹಣ ತೋರಿಸುವುದಕ್ಕೆ. ಅದಕ್ಕೆಂದೇ ಎರಡು ಗ್ರಹಣದ ಕನ್ನಡಕಗಳನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಬಂದಿದ್ದೆ.

ಮಕ್ಕಳಿಗೆ ಆಕಾಶವನ್ನು ಕಲಿಸುವಾಗ ದೂರದಿಂದ ಶುರುಮಾಡಬಾರದೆಂಬುದು ನನ್ನ ಹಟ. ಕೋಟಿ ಕಿಲೋಮೀಟರುಗಳ ಲೆಕ್ಕ ಹೇಳಿದರೆ ಮಗು ಬಾಯಿ ತೆರೆಯುತ್ತದೆ, ನಿಜ. ಆದರೆ ಆ ಬಾಯಿಂದ ಪ್ರಶ್ನೆ ಬರುವುದಿಲ್ಲ, ಆಕಳಿಕೆ ಬರುತ್ತದೆ. ಅದಕ್ಕೇ ಹಿಂದಿನ ಸಂಜೆ ಪಡಸಾಲೆಯ ಬಲ್ಬು ಸೂರ್ಯನಾಯಿತು, ಅಡುಗೆಮನೆಯ ನಿಂಬೆಹಣ್ಣು ಚಂದ್ರನಾಯಿತು, ಸವಿತಾಳ ತಲೆಯೇ ಭೂಮಿಯಾಯಿತು. ಇಷ್ಟು ಸಣ್ಣ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನು ಹೇಗೆ ಮುಚ್ಚುತ್ತಾನೆಂದು ನಾನು ಹೇಳಬೇಕಾಗಲೇ ಇಲ್ಲ. ಗಜೇಂದ್ರಗಡಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಅಡ್ಡ ಹಿಡಿದು, ಇಡೀ ಕೋಟೆಗುಡ್ಡವನ್ನೇ ಮಾಯ ಮಾಡಿದ್ದು ಅವಳಿಗೆ ನೆನಪಿತ್ತು. ಅವಳಿಗೆ ಅಕ್ಕ ಆಯಿ, ಅಂದರೆ ಅಜ್ಜಿ; ನಾನು ನರಗುಂದ ಆಯಿ. ನಿಂಬೆಹಣ್ಣಿನ ನೆರಳು ತನ್ನ ಮೂಗಿನ ಮೇಲೆ ಬಿದ್ದಾಗ ಅವಳು ಕೇಳಿದಳು:

"ನರಗುಂದ ಆಯಿ, ಚಂದ್ರ ಸೂರ್ಯನ ಕಡೆ ಬರೂದು ಪ್ರತಿ ಅಮಾಸಿಗೂ ಅಂತೀದಿ. ಹಂಗಾದ್ರ ಪ್ರತಿ ಅಮಾಸಿಗೂ ಗ್ರಹಣ ಆಗಬೇಕಲ್ಲಾ?"

ಇಂಥ ಒಂದು ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಖುಷಿಗೆ ಅವಳ ಕೆನ್ನೆ ಹಿಂಡಿ, ಚಂದ್ರನ ದಾರಿ ಕೊಂಚ ಓರೆಯೆಂದು ನಿಂಬೆಹಣ್ಣನ್ನು ಎತ್ತರಿಸಿ ತೋರಿಸಿದೆ. ನೆರಳು ಅವಳ ಜಡೆಯ ಮೇಲಿಂದ ಹಾರಿಹೋಯಿತು. ತಗ್ಗಿಸಿದರೆ ಗದ್ದದ ಕೆಳಗಿಂದ ನುಸುಳಿತು. ಮೂರೂ ಒಂದೇ ಸಾಲಿಗೆ ಬರುವುದು ಅಪರೂಪಕ್ಕೊಮ್ಮೆ. ಈ ಆಟವನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದವಳು ರೇಣುಕಾ. ಅವಳು ಅಕ್ಕನ ಸೊಸೆ, ಸವಿತಾಳ ತಾಯಿ, ಆಗ ಏಳು ತಿಂಗಳ ಬಸುರಿ. ಅವಳು ಮಾತ್ರ ನಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಸವಿತಾಳ ನಂತರ ಹುಟ್ಟಿದ ಕೂಸು ಹೆಚ್ಚು ದಿನ ಉಳಿಯಲಿಲ್ಲ. ಆ ಬಸಿರಿನಲ್ಲಿ ಒಂದು ಗ್ರಹಣದ ಹೊತ್ತಿಗೆ ಮಳೆ ಹನಿಯಿತೆಂದು ರೇಣುಕಾ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತರಲು ಹೋಗಿದ್ದಳು. ಅಕ್ಕ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅನ್ನದೇ ಬಿಟ್ಟ ಆ ಮಾತು ಅತ್ತೆ ಸೊಸೆಯರ ನಡುವೆ ಉಳಿದುಕೊಂಡಿತು. ಇಬ್ಬರೂ ಅದನ್ನು ಸುತ್ತು ಬಳಸಿ ಓಡಾಡುತ್ತಿದ್ದರು.

ಬೆಳಿಗ್ಗೆ ನನ್ನ ಕನ್ನಡಕಗಳು ಅಕ್ಕನ ಕಣ್ಣಿಗೆ ಬಿದ್ದವು. ಕಸಿದು ಟ್ರಂಕಿನೊಳಗೆ ಹಾಕಿ ಕೀಲಿ ಜಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ತಿರುಗಿದಳು.

"ನಿನ್ನ ಶಾಣ್ಯಾತನ ನರಗುಂದದಾಗ ಇಟಗೋ. ಈ ಮನ್ಯಾಗ ಇನ್ನೊಂದು ಕೂಸು ಹೋತಂದ್ರ ನೀ ತಂದು ಕೊಡ್ತಿಯೇನು?"

ಗ್ರಹಣದಿಂದ ಕೂಸಿಗೆ ಏನೂ ಆಗುವುದಿಲ್ಲವೆಂದು ನಾನು ಬಲ್ಲೆ, ಗೆಳೆಯರೇ. ಆದರೆ ಹೆರಿಗೆ ಸುಸೂತ್ರವಾಗಿಯೇ ಆಗುತ್ತದೆಂದು ಬರೆದುಕೊಡಲು ನಾನು ಯಾರು? ವಾದ ಮಾಡಿ ಗೆಲ್ಲುವುದು ನನಗೆ ಸುಲಭವಿತ್ತು. ಗೆದ್ದು ಆ ಮನೆಯಲ್ಲಿ ಊಟಕ್ಕೆ ಕೂರುವುದು ಕಷ್ಟವಿತ್ತು. ಟ್ರಂಕಿನ ಕೀಲಿ ಕೇಳುವುದನ್ನು ಬಿಟ್ಟೆ. ಸವಿತಾ ಮಾತ್ರ ಬಿಡಲಿಲ್ಲ, ನೆಲಕ್ಕೆ ಬಿದ್ದು ಅತ್ತಳು. ಕೊನೆಗೆ ಅಕ್ಕ ನಮ್ಮೆಲ್ಲರನ್ನೂ ಒಳಗಿನ ಖೋಲಿಗೆ ಅಟ್ಟಿದಳು. ರೇಣುಕಾ ಬಣ್ಣಬಣ್ಣದ ಅರಿವೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಮೇಲೆ ಅಲುಗಾಡದೆ ಒರಗಿದಳು; ಚಾಕು, ಸೂಜಿ, ಕತ್ತರಿ ಯಾವುದೂ ಹತ್ತಿರ ಸುಳಿಯುವ ಹಾಗಿಲ್ಲ. ಮೂಡಣದ ಕಿಟಕಿಯ ಕದ ಮಳೆಗೆ ಉಬ್ಬಿ ಮುಚ್ಚುತ್ತಿರಲಿಲ್ಲವಾದ್ದರಿಂದ ಅಕ್ಕ ಅದಕ್ಕೆ ದಪ್ಪನೆಯ ಕರೀ ಕಂಬಳಿ ಇಳಿಬಿಟ್ಟಳು, ಬಾಗಿಲ ಸಂದಿಗೆ ಗೋಣಿತಾಟು ತುರುಕಿದಳು. ಗ್ರಹಣದ ಒಂದು ಕಿರಣವೂ ಒಳಗೆ ಬರಬಾರದು.

ಆ ಕಂಬಳಿಗೆ ಎಂದೋ ಒಲೆಯ ಕಿಡಿ ಸಿಡಿದು ಜೋಳದ ಕಾಳಿನಷ್ಟು ತೂತು ಬಿದ್ದಿತ್ತು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಸವಿತಾ ಬಿಕ್ಕುವುದನ್ನು ನಿಲ್ಲಿಸಿ ಕೌದಿಯತ್ತ ಬಗ್ಗಿದಳು. ಅಲ್ಲಿ ಬಿಳಿ ತುಂಡಿನ ಮೇಲೆ ರೂಪಾಯಿಯಷ್ಟು ಬೆಳಕು ಬಿದ್ದಿತ್ತು, ಮತ್ತು ಅದರ ಒಂದು ಅಂಚು ಇರಲಿಲ್ಲ.

"ನರಗುಂದ ಆಯಿ, ಇದು ಸೂರ್ಯಾ! ಕಡದಂಗ ಆಗೇತಿ ನೋಡ!"

ನಾನು ಕೂತಲ್ಲೇ ನಕ್ಕುಬಿಟ್ಟೆ. ನಾನು ಶಾಲೆಯಲ್ಲಿ ರಟ್ಟಿನ ಡಬ್ಬಿ, ಬೆಳ್ಳಿ ಕಾಗದ, ಗುಂಡುಸೂಜಿ ಎಂದು ಒದ್ದಾಡಿ ಮಾಡಿಸುವ ಪ್ರಯೋಗವನ್ನು ನನ್ನ ಅಕ್ಕ ಇಡೀ ಖೋಲಿಯಷ್ಟು ದೊಡ್ಡದಾಗಿ ಮಾಡಿಟ್ಟಿದ್ದಳು. ಅವಳು ಕತ್ತಲೆಯನ್ನು ಗಟ್ಟಿ ಮಾಡಿದಷ್ಟೂ ಸೂರ್ಯ ಸ್ಪಷ್ಟವಾಗಿ ಬಂದು ಬಿದ್ದಿದ್ದ. ಸಣ್ಣ ತೂತಿನಿಂದ ಬಂದ ಬೆಳಕು ತಾನು ಹೊರಟುಬಂದ ವಸ್ತುವಿನ ಬಿಂಬವನ್ನೇ ತಲೆಕೆಳಗಾಗಿ ಹೊತ್ತು ತರುತ್ತದೆ. ಇದನ್ನು ನೋಡಲು ಕನ್ನಡಕ ಬೇಡ, ಆಕಾಶದತ್ತ ಕಣ್ಣೆತ್ತುವುದೂ ಬೇಡ. ಅಂಚು ಕರಗುತ್ತ ಹೋಗಿ, ಆ ಬೆಳಕು ನೋಡನೋಡುತ್ತ ಬಿದಿಗೆಯ ಚಂದ್ರನಷ್ಟು ತೆಳುವಾಯಿತು. ಇಷ್ಟು ವರ್ಷ ಪಾಠ ಮಾಡಿಯೂ ನನ್ನ ಮೈ ಝುಮ್ಮೆಂದಿತು.

ಆದರೆ ರೇಣುಕಾ ಹೆದರಿ ಕಾಲು ಮಡಚಿಕೊಂಡು ಗೋಡೆಗೆ ಸರಿದಳು. ತೂತನ್ನು ಮುಚ್ಚಲು ಅಕ್ಕ ಅರಿವೆಯ ಚೂರು ಹಿಡಿದು ಎದ್ದಳು. ಸವಿತಾ ಓಡಿಹೋಗಿ ಅವಳಿಗೆ ಅಡ್ಡ ನಿಂತಳು.

"ಬ್ಯಾಡ ಆಯಿ! ಚಂದ್ರ ನಡುವ ಬಂದಾನ, ಅಷ್ಟ. ಅವನ ನೆಳ್ಳ ನಮ್ಮ ಮ್ಯಾಲೆ ಬಿದ್ದೇತಿ. ದಿನಾ ಬೇವಿನ ಗಿಡದ ನೆಳ್ಳಾಗ ಅವ್ವ ಅಕ್ಕಿ ಹಸನ ಮಾಡ್ತಾಳಲ್ಲ, ಅವಾಗ ಏನರ ಆಗೇತೇನು? ಇದೂ ನೆಳ್ಳ, ಅದೂ ನೆಳ್ಳ."

ಅಕ್ಕ ಅರಿವೆ ಹಿಡಿದು ಹಾಗೇ ನಿಂತಳು. ಅವಳ ನಂಬಿಕೆ ಆ ಕ್ಷಣಕ್ಕೆ ಅಳಿಸಿಹೋಯಿತೆಂದು ನಾನು ಹೇಳಲಾರೆ. ಇಂದಿಗೂ ಅವಳು ಗ್ರಹಣಕ್ಕೆ ಮೊಸರಿನ ಮೇಲೆ ಗರಿಕೆ ಹಾಕುತ್ತಾಳೆ, ನನ್ನ ತಕರಾರೂ ಇಲ್ಲ. ಇತ್ತ ರೇಣುಕಾ ಬಹಳ ಹೊತ್ತು ಆ ಬೆಳಕನ್ನೇ ನೋಡಿದಳು. ಆಮೇಲೆ ಬಿಸಿ ಹಾಲಿನ ಪಾತ್ರೆ ಮುಟ್ಟುವವಳ ಹಾಗೆ ಬೆರಳ ತುದಿ ಚಾಚಿದಳು, ತುಸು ತಡೆದು ಪೂರ್ತಿ ಅಂಗೈ ಒಡ್ಡಿದಳು. ಸೂರ್ಯ ಕೌದಿಯಿಂದ ಎದ್ದು ಅವಳ ಕೈಯೊಳಗೆ ಬಂದ.

"ಸಣ್ಣತ್ತಿ," ಎಂದಳು ನನ್ನತ್ತ ತಿರುಗದೆಯೇ, "ಇದು ಬರೇ ನೆಳ್ಳ ಅಂದ್ರ… ಅವತ್ತ ನಾ ಮಾಳಗಿ ಮ್ಯಾಲೆ ಹೋಗಿದ್ದಕ್ಕ ಕೂಸು ಹೋಗಲಿಲ್ಲೇನ್ರಿ?"

ಖಗೋಳಶಾಸ್ತ್ರದಲ್ಲಿ ಇಷ್ಟು ದೊಡ್ಡ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಉತ್ತರಿಸುವ ಮೊದಲೇ ಅಕ್ಕ ಬಾಯಿಬಿಟ್ಟಳು.

"ಇಲ್ಲವ್ವಾ. ನಿಂದೇನೂ ತಪ್ಪಿರಲಿಲ್ಲ. ಕೂಸಿನ ಎದಿ ಹುಟ್ಟತಾನ ಅಶಕ್ತ ಇತ್ತಂತ ದವಾಖಾನ್ಯಾಗ ಡಾಕ್ಟರ್ ಹೇಳಿದ್ರು. ನಾನೂ ಕೇಳೀನಿ. ಕೇಳಿದರೂ ನಿನಗೊಂದು ಮಾತು ಹೇಳಲಿಲ್ಲ ನಾ."

ರೇಣುಕಾ ತಲೆ ತಗ್ಗಿಸಿದಳು. ಅವಳು ಅಳುತ್ತಿದ್ದಾಳೆಂದು ನಮಗೆ ತಿಳಿದದ್ದು ಅಂಗೈಯ ಬೆಳಕು ಅಲುಗತೊಡಗಿದಾಗ.

"ಅವ್ವಾ, ಕೈ ನಡಗಸಬ್ಯಾಡ," ಸವಿತಾ ಗದರಿದಳು. "ಸೂರ್ಯಾ ಅಳಗ್ಯಾಡಾಕತ್ತಾನ."

ಅಕ್ಕ ಕೈಯ ಅರಿವೆಯನ್ನು ಅಲ್ಲೇ ಬಿಟ್ಟು ಸೊಸೆಯ ಪಕ್ಕ ಕೂತಳು. ರೇಣುಕಾಳ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು, ಅಲುಗದ ಹಾಗೆ ಗಟ್ಟಿಯಾಗಿ ಹಿಡಿದಳು.