ಕಾಲು ಚಾಚುವ ದಿಕ್ಕು

ಆ ಅಜ್ಜಿ ನನ್ನನ್ನು ಒಮ್ಮೆಯಾದರೂ 'ಬೇಟಿ' ಎನ್ನಲಿ ಎಂದು ಎಷ್ಟು ಆಸೆಪಟ್ಟೆನೋ! ತಾಯಿಯಿಲ್ಲದೆ ಬೆಳೆದವಳು ನಾನು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು; ಮೈಸೂರಿನ ಒಂದು ಹೆಂಗಸರ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದೆ. ತೊಡೆಮೂಳೆ ಮುರಿದುಕೊಂಡು ಬಂದಿದ್ದ ಆ ಮುಸಲ್ಮಾನ ಅಜ್ಜಿ, ನೋಡಲು ಬಂದ ಮೊಮ್ಮಗಳಂದಿರನ್ನೆಲ್ಲ 'ಬೇಟಿ, ಬೇಟಿ' ಎಂದು ಮುದ್ದಿಸುತ್ತಿದ್ದರು. ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸುವ ನಾನು ಮಾತ್ರ 'ನರ್ಸಮ್ಮ'.

ನಮ್ಮ ವಾರ್ಡಿನ ಸಿಸ್ಟರ್ ಇಂಗ್ಲೆಂಡಿನವರು. ಕನ್ನಡವೂ ಬಾರದು, ಉರ್ದುವೂ ಬಾರದು. ಅವರ ಮಾತು ದಾಟಿಸುವವಳು ನಾನೇ. ಅಜ್ಜಿಯ ಕಾಲಿಗೆ ತೂಕ ಕಟ್ಟಿ ನೇರವಾಗಿ ಇಟ್ಟಿದ್ದರು. ಅಜ್ಜಿಯೋ, ನರಳುತ್ತಲೇ ಅದನ್ನು ಮಡಿಸಲು ಎಳೆಯುವರು. ಸಿಸ್ಟರ್ ನೇರ ಮಾಡಿದರೆ ಮತ್ತೆ ಎಳೆಯುವರು. ಮೂಳೆ ಸೊಟ್ಟಗೆ ಕೂಡಿದರೆ ಈಕೆ ಇನ್ನು ನಡೆಯುವ ಹಾಗಿಲ್ಲ, ಹೇಳು ಎಂದು ಸಿಸ್ಟರ್ ನನ್ನ ಮೇಲೆ ರೇಗಿದರು. ನಾನು ಅಜ್ಜಿಯ ಮೇಲೆ ರೇಗಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ!

"ಏನ್ ಮಾಡ್ಲಿ ನರ್ಸಮ್ಮ, ನಮ್ ಕಾಬಾ ಆ ಕಡೆ ಐತೆ ಕಣಮ್ಮ. ಅತ್ತಾಗೆ ಕಾಲು ಚಾಚ್ಕಂಡು ಎಂಗೆ ಮಲಗ್ಲಿ?" ಎಂದು ಅಜ್ಜಿ ಪಡುವಣದ ಗೋಡೆ ತೋರಿಸಿ ಅತ್ತುಬಿಟ್ಟರು.

ಸಿಸ್ಟರಿಗೆ ಹೇಳಿದೆ. ಮಂಚಗಳ ಸಾಲು ಗೆರೆ ಎಳೆದಂತಿರಬೇಕು ಎನ್ನುತ್ತಿದ್ದವರು, ತಾವೇ ಮಂಚಕ್ಕೆ ಕೈಹಚ್ಚಿದರು. ಆಯಾಗಳನ್ನೂ ಕರೆದು, ತೂಕದ ಸಮೇತ ಪೂರ್ತಿ ತಿರುಗಿಸಿದೆವು. ನೋಡಿದರೆ ಕಾಲು ಈಗ ಚಾಮುಂಡಿ ಬೆಟ್ಟದ ಕಡೆಗೆ! "ಏನಜ್ಜಿ, ನಮ್ ತಾಯಿಗೇ ಕಾಲು ತೋರುಸ್ತೀರಾ?" ಎಂದು ತಮಾಷೆಗೆ ಅಂದೆ.

"ತೌಬಾ ತೌಬಾ! ತಿರುಗ್ಸಿ ಕಣಮ್ಮ!" ಎಂದು ಅವರು ಕೆನ್ನೆ ಬಡಿದುಕೊಂಡರು. ತಮಾಷೆ ಎಂದರೂ ಕೇಳಲಿಲ್ಲ. ಕೊನೆಗೆ ಬಡಗಣ ಕಿಟಕಿಯತ್ತ ಕಾಲು ಬರುವಂತೆ, ಓಡಾಡುವ ದಾರಿಗೆ ಅಡ್ಡಲಾಗಿ ಮಂಚ ನಿಲ್ಲಿಸಿದೆವು. ಸಿಸ್ಟರ್ ಬೆವರೊರೆಸಿಕೊಂಡು ನಕ್ಕರು.

ಆಮೇಲೆ ಅಜ್ಜಿ ಕಾಲು ಎಳೆಯಲಿಲ್ಲ. ಮರುದಿನ ನಾನು ಗಂಜಿ ಕುಡಿಸುತ್ತಿದ್ದಾಗ ಸಿಸ್ಟರ್ ಬಂದರು. "ಈವಮ್ಮನ ಊರು ಯಾವ ಕಡೆ, ಕೇಳು" ಎಂದರು ಅಜ್ಜಿ. ಕೇಳಿದೆ. ಸಿಸ್ಟರ್ ಸ್ವಲ್ಪ ಯೋಚಿಸಿ ಬಡಗಣ ಕಿಟಕಿಯನ್ನೇ ತೋರಿಸಿದರು.

"ಅಯ್ಯೋ, ಅಂಗಾದ್ರೆ ಇವಳ ಹೆತ್ತವ್ವನ ಕಡೆ ಕಾಲು ಚಾಚ್ಬುಟ್ನಲ್ಲಾ!"

ಅದನ್ನೂ ಹೇಳಿದೆ. ಸಿಸ್ಟರ್ ನಗಲಿಲ್ಲ. ತಾಯಿ ತೀರಿಕೊಂಡು ವರ್ಷವಾಯಿತು, ಮಣ್ಣಿಗೂ ಹೋಗಲಾಗಲಿಲ್ಲ ಎಂದರು. ನಾನು ಹೇಳಿ ಮುಗಿಸುವ ಮೊದಲೇ ಅಜ್ಜಿ ಆ ಮುಖ ನೋಡಿ ಎರಡೂ ಕೈ ಚಾಚಿದರು. "ಬಾ ಬೇಟಿ."

ಏನಂದರು ಎಂದು ಸಿಸ್ಟರ್ ನನ್ನನ್ನು ಕೇಳಿದರು. "ನಿಮ್ಮನ್ನ ಮಗಳೇ ಅಂತ ಕರೀತಿದಾರೆ" ಎಂದೆ. ಅವರು ಅಜ್ಜಿಯ ಎದೆಗೆ ತಲೆಯಿಟ್ಟು ಅತ್ತರು. ಅವರಿಬ್ಬರ ಮಾತು ದಾಟಿಸಲು ನಾನಿದ್ದೆ. ನನಗೂ ತಾಯಿಯಿಲ್ಲ ಅಜ್ಜಿ ಎನ್ನಲು ನನಗೆ ಬಾಯೇ ಬರಲಿಲ್ಲ.