ವಿಮೆ ಮಾಡಿಸದ ರ‍್ಯಾಲಿ ಕಾರು

ನಾನು ಸಾಗರದಲ್ಲಿ ಇನ್ಶೂರೆನ್ಸ್ ಏಜೆಂಟ್. ಮದುವೆಯಾಗಲಿಲ್ಲ. ಊಟ ಹೋಟೆಲಿನಲ್ಲಿ, ನಿದ್ದೆ ಬಾಡಿಗೆ ಕೋಣೆಯಲ್ಲಿ. ಇಂಥವನು ಕೆಲವು ವರ್ಷ ರ‍್ಯಾಲಿ ಕಾರಿನಲ್ಲಿ ಕೂತಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ.

ಅದು ಶುರುವಾದದ್ದು ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ. ಅರ್ಧ ಬಸ್ಸು ಕಿಟಕಿಯ ಹೊರಗೆ ತಲೆ ಹಾಕಿ ವಾಂತಿ ಮಾಡುತ್ತಿತ್ತು. ನಾನು ಪೇಪರ್ ಓದುತ್ತಿದ್ದೆ. ಪಕ್ಕದ ಸೀಟಿನವನು ನನ್ನನ್ನೇ ನೋಡುತ್ತಿದ್ದ.

"ನಿಮ್ಗೆ ತಲೆ ತಿರುಗಲ್ವಾ?"

"ಇಲ್ಲ."

"ಹಂಗಾದ್ರೆ ನೀವು ನನ್ನ ಕಾರಲ್ಲಿ ಕೂರ್ಬೇಕು" ಎಂದ.

ಅವನಿಗೆ ಹೊಸನಗರದಲ್ಲಿ ಗ್ಯಾರೇಜಿತ್ತು. ಹಳೆಯ ಕಾರೊಂದನ್ನು ತಾನೇ ಬಿಚ್ಚಿ ಕಟ್ಟಿ ರ‍್ಯಾಲಿಗೆ ಓಡಿಸುತ್ತಿದ್ದ. ಸ್ಪರ್ಧೆಗೆ ಮೊದಲು ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳಬೇಕು; ಸ್ಪರ್ಧೆಯಲ್ಲಿ ಪಕ್ಕದಲ್ಲಿ ಕೂತವನು ಅದನ್ನು ಓದಿ ಹೇಳಬೇಕು. "ಎಡಕ್ಕೆ, ಬಿಗಿ" ಎಂದು ನಾನು ಹೆಲ್ಮೆಟ್ಟಿನ ಮೈಕಿನಲ್ಲಿ ಹೇಳಿದರೆ, ಇನ್ನೂ ಕಣ್ಣಿಗೆ ಕಾಣದ ತಿರುವಿಗೆ ಅವನು ಕಾರು ನುಗ್ಗಿಸುತ್ತಿದ್ದ. ನನ್ನ ಮಾತನ್ನು ಅಷ್ಟು ನಂಬಿ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಭಾನುವಾರ ಬಂದರೆ ಬೆಳಿಗ್ಗೆಯೇ ಹೊಸನಗರದ ಬಸ್ಸು ಹಿಡಿಯುತ್ತಿದ್ದೆ.

ಒಂದು ಸೀಸನ್ನಿಗೆ ಮೊದಲು ಗ್ಯಾರೇಜಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವನು ಕೇಳಿದ: "ಊರಿಗೆಲ್ಲ ಇನ್ಶೂರೆನ್ಸ್ ಮಾಡಿಸ್ತೀಯ. ನಮ್ ಕಾರಿಗೆ ಎಂತ ಮಾಡೋದು ಮಾರಾಯ?"

ನಾನು ಇದನ್ನು ಮೊದಲೇ ಯೋಚಿಸಿದ್ದೆ. ರಸ್ತೆಯ ಮೇಲೆ ಓಡುವ ಕಾರಿನ ಮಾಮೂಲಿ ಪಾಲಿಸಿ ಸ್ಪರ್ಧೆಗೆ ನಡೆಯುವುದಿಲ್ಲ. ಸ್ಪರ್ಧೆಗೆಂದೇ ವಿಮೆ ಬೇಕೆಂದರೆ ಕೊಡುವವರು ಕಡಿಮೆ, ಕೊಟ್ಟರೂ ಪ್ರೀಮಿಯಂ ವಿಪರೀತ. ಅದರ ಮೇಲೆ, ನಷ್ಟದ ಮೊದಲ ಪಾಲು ನಮ್ಮದೇ; ಅದನ್ನು ಮೀರಿದ್ದಷ್ಟೇ ಕಂಪನಿ ಕೊಡುವುದು. ಬಂಪರ್ ಒಡೆಯುವುದು, ಬಾಗಿಲು ನೆಗ್ಗುವುದು ಪ್ರತಿ ರ‍್ಯಾಲಿಯಲ್ಲೂ ಇದ್ದದ್ದೇ. ಅವೆಲ್ಲ ಆ ಪಾಲಿನೊಳಗೇ ಮುಗಿದುಹೋಗುತ್ತವೆ.

"ಎರಡು ಮೂರು ಸೀಸನ್ ಪ್ರೀಮಿಯಂ ಕಟ್ಟಿದ್ರೆ ಇಂಥದ್ದೇ ಇನ್ನೊಂದು ಕಾರು ಬರ್ತದೆ. ಹೊರದೇಶದ ಕಾರು ತರಿಸೋ ದೊಡ್ಡ ಟೀಮಿನ ಲೆಕ್ಕ ಬೇರೆ. ಅವ್ರದ್ದು ಒಂದು ಹೋದ್ರೆ ವರ್ಷವೇ ಹೋಯ್ತು. ನಿಂಗೆ ಗುಜರಿಯಲ್ಲಿ ಬಾಡಿ ಸಿಗ್ತದೆ, ಕಟ್ಟೋ ಕೈ ನಿಂದೇ" ಎಂದೆ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಕಾರು ಹೋದ್ರೆ ಹೋಗ್ಲಿ ಅಣ್ಣ. ನಿಮ್ಗಿಬ್ರಿಗೆ ಎಂತಾದ್ರೂ ಆದ್ರೆ?"

ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ರ‍್ಯಾಲಿಯ ಅಪಘಾತಕ್ಕೂ ಅನ್ವಯಿಸುವ ಪಾಲಿಸಿಯೊಂದನ್ನು ಹುಡುಕಿ ಇಬ್ಬರಿಗೂ ಮಾಡಿಸಿದೆ. ಕಾರಿಗೆ ಮಾಡಿಸಲಿಲ್ಲ; ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟೆವು.

ಆ ಸೀಸನ್ನಿನಲ್ಲೇ ತೀರ್ಥಹಳ್ಳಿ ಕಡೆಯ ಅಕೇಶಿಯಾ ಪ್ಲಾಂಟೇಶನ್ನಿನ ಮಣ್ಣುರಸ್ತೆಯಲ್ಲಿ ಕಾರು ಬಿತ್ತು. ಹಿಂದಿನ ಸಂಜೆಯ ಮಳೆಗೆ ತಿರುವಿನ ಅಂಚು ಕುಸಿದಿತ್ತು. ಚಕ್ರ ಜಾರಿ, ಕಾರು ಎರಡು ಪಲ್ಟಿ ಹೊಡೆದು ಮರಕ್ಕೆ ತಾಗಿ ನಿಂತಿತು. ಇಬ್ಬರೂ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆವು. ಮೈಕು ಇನ್ನೂ ಕೆಲಸ ಮಾಡುತ್ತಿತ್ತು.

"ಇದೀಯೇನಾ?" ಎಂದ.

"ಇದೀನಿ. ನೀನು?"

"ಕುತ್ತಿಗೆ ಒಂದು ಸರಿ ಇಲ್ಲ ಅನ್ಸ್ತದೆ."

ಆ ಕಾರಿನೊಳಗೆ ನಾವು ಆಡಿದ ಕೊನೆಯ ಮಾತು ಅದು.

ಆಸ್ಪತ್ರೆಯ ಖರ್ಚು ಪಾಲಿಸಿಯಿಂದ ಬಂತು. ಕಾರು ಗುಜರಿಗೆ ಹೋಯಿತು. ಬ್ಯಾಂಕಿನ ದುಡ್ಡಿನಲ್ಲಿ ಇನ್ನೊಂದು ಬಾಡಿ ತಂದು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಅವನು ಅದನ್ನು ಕಟ್ಟಿದ. ಲೆಕ್ಕ ನಾನು ಹೇಳಿದಂತೆಯೇ ಬಂದಿತ್ತು. ಆದರೆ ಅವನ ಕುತ್ತಿಗೆ ಹೆಲ್ಮೆಟ್ಟಿನ ಭಾರ ತಡೆಯುವುದಿಲ್ಲ, ಸ್ಪರ್ಧೆ ಬಿಡಬೇಕು ಎಂದರು ಡಾಕ್ಟರು. ಹೊಸ ಕಾರನ್ನು ಬೇರೆ ಊರಿನ ಟೀಮಿಗೆ ಕೊಟ್ಟ. ಪಕ್ಕದ ಸೀಟಿಗೆ ಅವರಲ್ಲಿ ಜನ ಇದ್ದರು.

ಆಮೇಲೂ ಕೆಲವು ಭಾನುವಾರ ಹೊಸನಗರಕ್ಕೆ ಹೋದೆ. ಅವನು ಯಾರದೋ ಕ್ಲಚ್ಚಿನ ಬಗ್ಗೆ ಹೇಳುತ್ತಿದ್ದ, ನಾನು ರಿನ್ಯೂವಲ್ ಬಗ್ಗೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕಾರಿನ ಹೊರಗೆ ಹೇಗೆ ಮಾತಾಡಬೇಕೆಂದು ನಾವಿಬ್ಬರೂ ಕಲಿತೇ ಇರಲಿಲ್ಲ. ಅವನ ಹೆಂಡತಿ ಕಾಫಿ ಕೊಟ್ಟು, "ಊಟ ಮಾಡ್ಕೊಂಡೇ ಹೋಗಿ ಅಣ್ಣ" ಅನ್ನುತ್ತಿದ್ದಳು. ಬಸ್ಸಿದೆ ಎಂದು ಎದ್ದುಬಿಡುತ್ತಿದ್ದೆ. ಬರಬರುತ್ತಾ ಹೋಗುವುದೇ ಕಡಿಮೆಯಾಯಿತು.

ಮೊನ್ನೆ ಹೊಸ ಟೀಮು ಕಟ್ಟಿದ ಇಬ್ಬರು ಗೆಳೆಯರು ನನ್ನ ಆಫೀಸು ಹುಡುಕಿಕೊಂಡು ಬಂದರು. ಕಾರಿಗೆ ವಿಮೆ ಮಾಡಿಸಬೇಕೋ ಬೇಡವೋ ಎಂಬುದೇ ಪ್ರಶ್ನೆ. "ಈ ಕಾರು ಹೋದ್ರೆ ಮತ್ತೊಂದು ಮಾಡ್ಕೊಳ್ಳೋಕೆ ಆಗ್ತದಾ? ಆಗೋದಾದ್ರೆ ಬೇಡ, ಆಗದಿದ್ರೆ ಮಾಡಿಸಿ. ನಿಮಗಿಬ್ಬರಿಗೆ ಮಾತ್ರ ಬಿಡದೆ ಮಾಡಿಸಿ" ಎಂದೆ. ಮೆಟ್ಟಿಲಿಳಿಯುವಾಗಲೂ ಅವರು ಯಾವುದೋ ತಿರುವಿನ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರು. ಸ್ವರ ಪೇಟೆಯ ಗದ್ದಲದಲ್ಲಿ ಕರಗುವವರೆಗೂ ಕೇಳಿಸಿಕೊಂಡೆ. ಆಮೇಲೆ ಫ್ಯಾನ್ ಆರಿಸಿ, ಶಟರ್ ಎಳೆದು ಊಟಕ್ಕೆ ಹೋದೆ.